ಪುಸ್ತಕಕ್ಕೊಂದು ಕೊಸರು

ಸಂತೆಯಲ್ಲಿ ತರಕಾರಿ ಕೊಂಡು ಅಭ್ಯಾಸವಿರುವ ಹೆಂಗಸರಿಗೆ ಕೊಸರು ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹುರುಳಿಕಾಯಿ ತೂಗಿಸಿ, ಬದನೆಕಾಯಿ ಆರಿಸಿ, ದುಡ್ಡು ಎಣಿಸಿ ಕೊಟ್ಟ ಮೇಲೂ ನಾವು ಚೀಲದ ಬಾಯಿ ಹಾಗೇ ಅಗಲಿಸಿ ಹಿಡಿದು ನಿಂತಿರುತ್ತೇವೆ. "ಒಂದು ಕಡ್ಡಿ ಕರಿಬೇವು ಹಾಕಮ್ಮಾ" ಎಂದು ಕೇಳದೆ ವ್ಯಾಪಾರ ಮುಗಿಯುವುದಿಲ್ಲ. ಅವಳೂ "ಕರಿಬೇವೂ ದುಡ್ಡು ಕಣಕ್ಕಾ ಈಗ" ಅಂತ ಗೊಣಗುತ್ತಲೇ ಹಾಕುತ್ತಾಳೆ. ಹಾಗೆ ಹಾಕಿದವಳ ಹತ್ತಿರವೇ ಮುಂದಿನ ವಾರವೂ ಹೋಗುತ್ತೇವೆ. ನಮ್ಮ ನಂಜನಗೂಡಿನಲ್ಲಿ ಕೊಸರು ಕೊಡದವನೆಂದರೆ ರಸಬಾಳೆ ಮಾರುವವನೊಬ್ಬನೇ. ಬೆಳೆಯುವವರೇ ಕಡಿಮೆಯಾಗಿ ಹಣ್ಣು ಕಣ್ಣಿಗೆ ಬೀಳುವುದೇ ಅಪರೂಪವಾಗಿರುವಾಗ ಅವನೇಕೆ ಕೊಟ್ಟಾನು!

ನನ್ನ ತವರು ತಿರುಮಕೂಡಲು ನರಸೀಪುರ. ಅಲ್ಲಿ ದೇವರಿಗೇ ಕೊಸರಿನ ನಂಟು ಇದೆ. ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ನಮ್ಮ ಕ್ಷೇತ್ರದ ಮಹಿಮೆ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಹಿರಿಯರು ಅದಕ್ಕೆ ಅರ್ಥ ಹೇಳುತ್ತಾರೆ. ಕಾಶಿಯಷ್ಟು ಪುಣ್ಯವಂತೂ ಸರಿ, ಮೇಲೊಂದು ಗುಲಗಂಜಿ! ನಮ್ಮ ವ್ರತಕಥೆಗಳನ್ನೇ ನೋಡಿ. ಕಥೆ ಮುಗಿದ ಮೇಲೆ ಫಲಶ್ರುತಿ ಇದ್ದೇ ಇರುತ್ತದೆ. ಇದನ್ನು ಓದಿದವರಿಗೆ ಇಂಥ ಫಲ, ಕೇಳಿದವರಿಗೆ ಇಂಥ ಫಲ. ಬರೀ ಕಥೆ ಕೇಳಿ ಅಂದರೆ ಕೂರುವವರು ಕಡಿಮೆ ಎಂಬುದು ಹಿಂದಿನವರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, 2024ರ ದಸರೆಯಿಂದ ಮುಂದಿನ ವೈಶಾಖದವರೆಗೆ ನಮ್ಮ ಎರಡು ಮನೆಗಳಲ್ಲಿ ಇದೇ ಮಾತು ನಡೆಯಿತು. ಪುಸ್ತಕ ಮಾರುವುದಕ್ಕೂ ಕೊಸರು ಬೇಕೇ? ಕೊಡುವುದಾದರೆ ಎಂಥದ್ದು ಕೊಡಬೇಕು?

ನರಸೀಪುರದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಎಪ್ಪತ್ತನಾಲ್ಕು ದಾಟಿದೆ. ಅವರ ಅತ್ತೆಯಿಂದ, ಅತ್ತೆಯ ಅತ್ತೆಯಿಂದ ಕೇಳಿ ಕಲಿತ ಹಾಡುಗಳನ್ನು ನಲವತ್ತು ವರ್ಷದಿಂದ ಹಳೇ ಲೆಕ್ಕದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಹಸೆ ಹಾಡು, ಎಣ್ಣೆಶಾಸ್ತ್ರದ ಹಾಡು, ಉರುಟಣೆ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ಆರತಿ ಹಾಡು ಎಲ್ಲ ಸೇರಿ 112. ಇತ್ತೀಚೆಗೆ ಮದುವೆಮನೆಗಳಲ್ಲಿ ಹಸೆಗೆ ಕರೆಯುವ ಹೊತ್ತಿಗೆ ಹಾಡುವವರೇ ಇಲ್ಲದೆ, ಯಾರೋ ಹುಡುಗ ಫೋನಿನಲ್ಲಿ ಸಿನಿಮಾ ಹಾಡು ಹಾಕುವುದನ್ನು ನೋಡಿ ದೊಡ್ಡಮ್ಮನ ಹೊಟ್ಟೆ ಉರಿಯುತ್ತಿತ್ತು. ಅಚ್ಚು ಹಾಕಿಸಿಯೇ ಬಿಡುತ್ತೇನೆ ಎಂದು ಹೊರಟರು. ಮೈಸೂರಿನ ಒಂದು ಅಚ್ಚುಕೂಟದವರು ಐನೂರು ಪ್ರತಿಗೆ 35,000 ರೂಪಾಯಿ ಎಂದರು. ಅಲ್ಲಿಗೆ ಪುಸ್ತಕಕ್ಕೆ ಎಪ್ಪತ್ತು ರೂಪಾಯಿ ಬಿತ್ತು. ಬೆಲೆ 120 ಅಂತ ಹಾಕಿಸಿದರು.

ದುಡ್ಡು? ಕೈಯಲ್ಲಿ ಐದು ಸಾವಿರ ಇತ್ತು. ಮಿಕ್ಕದ್ದಕ್ಕೆ ಕೈಯ ಎರಡು ಬಳೆ ಬಿಚ್ಚಿ, ಒಂದೊಂದಕ್ಕೆ ಹದಿನೈದು ಸಾವಿರದಂತೆ ಗಿರವಿ ಇಟ್ಟರು. ಚಿನ್ನದ ಬೆಲೆ ಏರಿರುವ ಈ ಕಾಲದಲ್ಲಿ ಇನ್ನೂ ಹೆಚ್ಚು ಕೊಡುತ್ತಿದ್ದರು, ಬೇಕಾದಷ್ಟೇ ತೆಗೆದುಕೊಂಡರು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಆ ಬಳೆಗಳು ಮೊಮ್ಮಗಳಿಗೆಂದು ಎಂದೋ ಹೇಳಿಟ್ಟವು. ಅವಳ ಮದುವೆ ವೈಶಾಖಕ್ಕೆ ನಿಶ್ಚಯವಾಗಿತ್ತು. ದೊಡ್ಡಮ್ಮನ ಮಗ, ನಾನು ಅಣ್ಣ ಅನ್ನುವವನು, "ನಾನೇ ಬಿಡಿಸಿಕೊಡ್ತೀನಮ್ಮ" ಎಂದರೆ ಕೇಳಲಿಲ್ಲ. "ಪುಸ್ತಕದ ಸಾಲ ಪುಸ್ತಕವೇ ತೀರಿಸಬೇಕು ಕಣೋ. ನೀನು ಕಟ್ಟಿದರೆ ಅದು ಮುದುಕಿಯ ಚಟಕ್ಕೆ ಕೊಟ್ಟ ದುಡ್ಡಾಗುತ್ತೆ" ಎಂದುಬಿಟ್ಟರು. ಎಂಟು ತಿಂಗಳ ಬಡ್ಡಿ ಸೇರಿ 32,400 ರೂಪಾಯಿ ಹುಟ್ಟಬೇಕು. ನಮ್ಮ ಕೈಯಿಂದಲೇ ಮಾರಿದರೂ 270 ಪುಸ್ತಕ!

ಪುಸ್ತಕ ಬಂದ ಮೊದಲ ವಾರವೇ ನಲವತ್ತು ಪ್ರತಿ ಪುಕ್ಕಟೆಯಾಗಿ ಹೋಯಿತು. ನೆಂಟರಿಷ್ಟರಿಗೆ ದುಡ್ಡು ಕೇಳುವುದು ಹೇಗೆ ಹೇಳಿ? ಒಬ್ಬರಂತೂ, "ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ದಾನ ಮಾಡಲಿಲ್ಲವೇ?" ಎಂದು ದೊಡ್ಡಮ್ಮನನ್ನು ಹೊಗಳುತ್ತಾ ಮೂರು ಪ್ರತಿ ಚೀಲಕ್ಕೆ ಹಾಕಿಕೊಂಡರು. ಅತ್ತಿಮಬ್ಬೆ ಪುಸ್ತಕದ ಜೊತೆಗೆ ಚಿನ್ನದ ಜಿನಬಿಂಬಗಳನ್ನೂ ಸಾವಿರದೈನೂರು ಮಾಡಿಸಿ ಹಂಚಿದ ಮಹಾತಾಯಿ. ನಮ್ಮ ಹತ್ತಿರ ಇದ್ದದ್ದು ಎರಡು ಬಳೆ, ಅವೂ ಗಿರವಿಯಲ್ಲಿ.

ಅಂಗಡಿಯಲ್ಲಿ ಇಡೋಣವೆಂದು ವಿಚಾರಿಸಿದರೆ ನೂರಕ್ಕೆ ನಲವತ್ತು ಕಮಿಷನ್ ಎಂದರು. ಅಂದರೆ 120ರಲ್ಲಿ 48 ಅವರಿಗೆ, 72 ನಮಗೆ. ಅಚ್ಚಿನ ಖರ್ಚು ಕಳೆದರೆ ಎರಡು ರೂಪಾಯಿ ಲಾಭ. ಅವರನ್ನು ದೂರುವಂತಿಲ್ಲ, ಅವರಿಗೂ ಬಾಡಿಗೆ, ಆಳು, ದೀಪದ ಖರ್ಚು ಇರುತ್ತದೆ. ಆದರೆ ನಮಗೆ ಕಟ್ಟುವಂತಿರಲಿಲ್ಲ. ದೀಪಾವಳಿವರೆಗೆ ಗುರುತಿನವರ ಮನೆಗಳಲ್ಲಿ ಮಾರಿದ್ದು 31. ಉಳಿದ ಕಟ್ಟುಗಳು ಅಟ್ಟ ಹತ್ತಿದವು.

ಆಗ ಅಣ್ಣನ ತಲೆಗೆ ಹೊಳೆದದ್ದೇ ಡಬ್ಬಿ. ಸಾಸಿವೆ ಜೀರಿಗೆ ಹಾಕಿಡುವಂಥ, ಬಣ್ಣಬಣ್ಣದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. "ಪುಸ್ತಕ ಕೊಂಡರೆ ಡಬ್ಬಿ ಉಚಿತ ಅಂತ ಬೋರ್ಡು ಹಾಕೋಣ" ಎಂದ. ಅವನ ಮೊದಲ ಯೋಚನೆ ನಂಜನಗೂಡು ಹಲ್ಲುಪುಡಿಯ ಪೊಟ್ಟಣವಂತೆ! "ಹಾಡುವುದಕ್ಕೆ ಮುಂಚೆ ಹಲ್ಲುಜ್ಜಲಿ ಅಂತಲೇ?" ಎಂದು ನಮ್ಮನೆಯವರು ನಕ್ಕ ಮೇಲೆ ಡಬ್ಬಿಗೆ ಬಂದು ನಿಂತ. ನನಗೆ ಅದು ಅಷ್ಟು ಹಿಡಿಸಲಿಲ್ಲ, ಹೇಳಿಯೂ ಹೇಳಿದೆ. ಆದರೆ ಮೈಸೂರಿನಿಂದ ಸಗಟಿನಲ್ಲಿ ಇನ್ನೂರು ಡಬ್ಬಿ, ತಲಾ 25 ರೂಪಾಯಿಯಂತೆ, ಐದು ಸಾವಿರ ಕೊಟ್ಟು ತಂದೇ ಬಿಟ್ಟ. ಅದನ್ನೂ ಪುಸ್ತಕದ ಲೆಕ್ಕಕ್ಕೇ ಬರೆಯಿರಿ ಎಂದರು ದೊಡ್ಡಮ್ಮ.

ಅಣ್ಣನದೇನೂ ಹೊಸ ಬುದ್ಧಿಯಲ್ಲ ಬಿಡಿ. ಸೋಪಿನಪುಡಿಗೆ ಚಮಚ, ಟೀಪುಡಿಗೆ ಲೋಟ ನಾವು ನೋಡದ್ದೇ? ನಮ್ಮ ಪತ್ರಿಕೆಗಳೂ ಇದಕ್ಕೆ ಹೊರತಲ್ಲ (ಸಂಪಾದಕರು ಮನ್ನಿಸಬೇಕು). ವಿಶೇಷಾಂಕದ ಜೊತೆ ಕ್ಯಾಲೆಂಡರು, ಅಡುಗೆಯ ಪುರವಣಿ, ಕೆಲವೊಮ್ಮೆ ಪುಟಕ್ಕೆ ಅಂಟಿಸಿದ ಶಾಂಪೂ ಪೊಟ್ಟಣ. ಪರದೇಶದಲ್ಲಿ ಇನ್ನೂ ತಮಾಷೆ ನಡೆದಿದೆ. 1933ರಲ್ಲಿ ಲಂಡನ್ನಿನ ದಿನಪತ್ರಿಕೆಗಳು ಚಂದಾದಾರರನ್ನು ಸೆಳೆಯಲು ಜಿದ್ದಿಗೆ ಬಿದ್ದು ಚಹದ ಪಾತ್ರೆ, ಬಟ್ಟೆಬರೆ ಎಲ್ಲ ಕೊಟ್ಟು, ಕೊನೆಗೆ ಕಾದಂಬರಿಕಾರ ಡಿಕನ್ಸ್‌ನ ಹದಿನಾರು ಸಂಪುಟಗಳನ್ನೇ ಅಗ್ಗದ ಬೆಲೆಗೆ ಕೊಡಲು ನಿಂತವಂತೆ. ಒಬ್ಬರು ಶುರುಮಾಡಿದ್ದನ್ನು ನೋಡಿ ಮಿಕ್ಕವರೂ ಅದನ್ನೇ ಮಾಡಿದರಂತೆ. ನನ್ನ ಮಗಳು ಓದಿ ಹೇಳಿದಾಗ ನಾನು ಅಂದೆ, ಅಲ್ಲಿ ಪುಸ್ತಕವೇ ಕರಿಬೇವಾಯಿತಲ್ಲ! ನಮ್ಮಲ್ಲೂ ಅಷ್ಟೆ, ವರಮಹಾಲಕ್ಷ್ಮಿ ಪೂಜೆಯ ಸಾಮಾನೆಲ್ಲ ಒಂದೇ ಕಡೆ ಕೊಂಡರೆ ವ್ರತಕಥೆಯ ಪುಸ್ತಕವನ್ನು ಗ್ರಂಧಿಗೆ ಅಂಗಡಿಯವರು ಮೇಲೆ ಹಾಕಿ ಕೊಡುವುದುಂಟು.

ಪುಸ್ತಕದ ಬೆಲೆಯನ್ನೇ ಇಳಿಸಿ ಕೊಡುವುದು ಮಾತ್ರ ಬೇರೆ ಜಾತಿ. ಕೆಂಗಲ್ ಹನುಮಂತಯ್ಯನವರು ಕುಮಾರವ್ಯಾಸ ಭಾರತವನ್ನು ಎರಡು ರೂಪಾಯಿಗೆ ಜನರ ಕೈಗೆ ಸಿಗುವಂತೆ ಮಾಡಿದರೆಂದು ಹಿರಿಯರು ಈಗಲೂ ನೆನೆಯುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರದವರು ನವೆಂಬರಿನಲ್ಲಿ ರಿಯಾಯಿತಿ ಕೊಡುತ್ತಾರೆ. ಅದಕ್ಕೆಲ್ಲ ಹಿಂದೆ ಸರ್ಕಾರದ ಬೊಕ್ಕಸ ಬೇಕು. ಹಾಗಲ್ಲದೆ ಚಂದಾ ಎತ್ತಿ ನಡೆಸಿದವರೂ ಇದ್ದಾರೆ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಹಾಗೆ ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ಬೆಳೆಯಿತು. ಮುಂಚೆಯೇ ದುಡ್ಡು ಕೊಟ್ಟವರಿಗೆ ಪುಸ್ತಕ ಮನೆಗೇ ಬರುತ್ತದೆ, ಪ್ರಕಾಶಕನಿಗೆ ಅಚ್ಚಿನ ಖರ್ಚಿನ ಚಿಂತೆ ತಪ್ಪುತ್ತದೆ. ಪುಸ್ತಕ ಅಚ್ಚಾಗಿ ಅಟ್ಟ ಸೇರಿದ ಮೇಲೆ ನಮಗೆ ಆ ದಾರಿ ಇರಲಿಲ್ಲ.

ಡಬ್ಬಿಯ ಬೋರ್ಡು ಹಾಕಿದ್ದೇ ಹಾಕಿದ್ದು, ಸಂಕ್ರಾಂತಿಯ ಹೊತ್ತಿಗೆ 63 ಪುಸ್ತಕ ಹೋದವು! ಅಣ್ಣ ಮೀಸೆ ತಿರುವಿದ. ಕೆಲವರು ಡಬ್ಬಿಯ ಮುಚ್ಚಳದ ಬಣ್ಣಕ್ಕೆ ಚೌಕಾಸಿ ಮಾಡಿದರು, ಹಳದಿ ಬೇಡ ಕೆಂಪು ಕೊಡಿ ಎಂದು. ಪುಸ್ತಕ ತೆರೆದು ನೋಡಿದವರು ಕಡಿಮೆ. ಒಬ್ಬಾಕೆ, "ಡಬ್ಬಿ ಒಂದೇ ಆದರೆ ಎಷ್ಟು?" ಎಂದೂ ಕೇಳಿದಳಂತೆ.

ಸಂಕ್ರಾಂತಿಗೆ ನಾನು ತವರಿಗೆ ಹೋಗಿದ್ದೆ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲದ ಮೇಲೆ ತವರು ಹತ್ತಿರವಾಗಿದೆ. ಎಳ್ಳುಬೆಲ್ಲ ಬೀರಲು ದೊಡ್ಡಮ್ಮ, ನಾನು ಇಬ್ಬರೂ ಹಿಂದಿನ ಬೀದಿಯ ಒಂದು ಮನೆಗೆ ಹೋದೆವು. ಆಕೆ ಒಳಗಿಂದ ಕಾಫಿ ತರುವಷ್ಟರಲ್ಲಿ ದೊಡ್ಡಮ್ಮನ ಕಣ್ಣು ಅಡುಗೆಮನೆಯ ಕಟ್ಟೆಯ ಮೇಲೆ ಬಿತ್ತು. ಹಾಲಿನ ಪಾತ್ರೆಯ ಮೇಲೆ ಮುಚ್ಚಳವಾಗಿ ಅವರ ಪುಸ್ತಕ ಕೂತಿತ್ತು. ರಟ್ಟಿನ ಮೇಲೆ ದುಂಡಗೆ ಹಾಲಿನ ಕಲೆ. ಪಕ್ಕದಲ್ಲೇ ಕೆಂಪು ಮುಚ್ಚಳದ ಡಬ್ಬಿ, ತುಂಬಾ ಜೀರಿಗೆ. ದೊಡ್ಡಮ್ಮ ಏನೂ ಹೇಳಲಿಲ್ಲ. ಕಾಫಿ ಕುಡಿದು, ಅರಿಶಿನ ಕುಂಕುಮ ತೆಗೆದುಕೊಂಡು, ಆಕೆಯ ಮಗುವಿಗೆ ಕಬ್ಬಿನ ತುಂಡು ಕೊಟ್ಟು ಬಂದರು. ದಾರಿಯಲ್ಲೂ ಮಾತಿಲ್ಲ. ರಾತ್ರಿ ಹಾಸಿಗೆ ಹಾಸುವಾಗ, "ಡಬ್ಬಿ ಬೋರ್ಡು ನಾಳೆ ತೆಗೆಸಿಬಿಡೇ" ಎಂದರು, ಅಷ್ಟೆ.

ಅಣ್ಣನಿಗೆ ಸಿಟ್ಟು ಬಂತು. ಅವನ ಮಾತಿನಲ್ಲೂ ನ್ಯಾಯವಿತ್ತು. "ದುಡ್ಡು ಕೊಟ್ಟು ಕೊಂಡವಳು ಮುಚ್ಚಳವಾದರೂ ಮಾಡಿಕೊಳ್ಳಲಿ, ಒಲೆಗಾದರೂ ಹಾಕಲಿ, ನಿನಗೇನಮ್ಮ? ಬಳೆ ಬೇಕೋ ಬೇಡವೋ?" ಎಂದ. ದೊಡ್ಡಮ್ಮ, "ಬಳೆ ಬೇಕು. ಆದರೆ ಮುಚ್ಚಳ ಮಾರಿ ಬೇಡ" ಎಂದರು. ನಾನು ಆ ರಾತ್ರಿ ಬಹಳ ಹೊತ್ತು ಅದನ್ನೇ ಯೋಚಿಸಿದೆ. ತರಕಾರಿಯವಳು ಕೊಡುವ ಕರಿಬೇವಿಗೂ ಈ ಡಬ್ಬಿಗೂ ಏನು ವ್ಯತ್ಯಾಸ? ಕರಿಬೇವು ಅದೇ ಹುರುಳಿಕಾಯಿಯ ಒಗ್ಗರಣೆಗೆ ಬೀಳುತ್ತದೆ. ತರಕಾರಿಗೆ ಬದಲು ಅವಳು ಬಾಚಣಿಗೆ ಕೊಟ್ಟಿದ್ದರೆ ನಾವು ಬಾಚಣಿಗೆಗೆಂದೇ ಹೋಗಿ ಹುರುಳಿಕಾಯಿಯನ್ನು ಮೂಲೆಗೆ ಹಾಕುತ್ತಿದ್ದೆವು. ಇನ್ನೊಂದು, ಕರಿಬೇವನ್ನು ಅವಳು ಮುಂದೆ ಇಟ್ಟುಕೊಂಡು ಕೂಗುವುದಿಲ್ಲ. ತೂಗಿ ಮುಗಿಸಿದ ಮೇಲೆ, ನಮ್ಮ ಮುಖ ನೋಡಿ, ಹಾಕುತ್ತಾಳೆ.

ಹಾಗಾದರೆ ಹಾಡಿನ ಪುಸ್ತಕದ ಕರಿಬೇವು ಯಾವುದು?

ಅದನ್ನು ಹೇಳಿಕೊಟ್ಟಿದ್ದು ಪುಸ್ತಕ ಕೊಂಡ ಹೆಂಗಸೇ. ಡಬ್ಬಿ ಬರುವುದಕ್ಕೆ ಮುಂಚೆ ಕೊಂಡ ಮೂವತ್ತೊಂದು ಜನರಲ್ಲಿ ಒಬ್ಬಳು, ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ. ದೊಡ್ಡಮ್ಮನನ್ನು ದೇವಸ್ಥಾನದಲ್ಲಿ ಕಂಡು, "ಅಜ್ಜೀ, ಪದ ಎಲ್ಲ ಚೆನ್ನಾಗಿದೆ. ಆದರೆ ಧಾಟಿ ಗೊತ್ತಿಲ್ಲವಲ್ಲ, ಹಾಡೋದು ಹೇಗೆ?" ಎಂದಳಂತೆ. ನೋಡಿ, 112 ಹಾಡು ಅಚ್ಚಾಗಿದ್ದರೂ ಧಾಟಿ ದೊಡ್ಡಮ್ಮನ ಗಂಟಲಲ್ಲೇ ಉಳಿದುಬಿಟ್ಟಿತ್ತು! ನಾನು ಆಗಲೇ ಹೇಳಿದೆ, "ದೊಡ್ಡಮ್ಮ, ಪುಸ್ತಕ ತಂದವರಿಗೆ ಶುಕ್ರವಾರ ಮಧ್ಯಾಹ್ನ ಎರಡು ಹಾಡು ಹೇಳಿಕೊಡಿ. ದುಡ್ಡು ಬೇಡ. ಇದೇ ಕೊಸರು."

ಅವರು ಮೊದಲು ಹಿಂಜರಿದರು. ಪಾಠ ಹೇಳುವಷ್ಟು ದೊಡ್ಡವಳೇ ನಾನು ಎಂದು ಒಂದು, ಹೆಂಗಸು ಜಗಲಿಯಲ್ಲಿ ಪುಸ್ತಕ ಹರಡಿಕೊಂಡು ಕೂತರೆ ಜನ ಏನೆಂದಾರು ಎಂದು ಇನ್ನೊಂದು. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಹಾವೇರಿಯ ಗಳಗನಾಥರು ಕಾದಂಬರಿ ಬರೆದು, ಆ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರು ಗಂಡಸರು ಅನ್ನಬಹುದು. ನಮ್ಮ ನಂಜನಗೂಡಿನ ತಿರುಮಲಾಂಬಾ? 1887ರಲ್ಲಿ ಹುಟ್ಟಿದವರು, ಹದಿನಾಲ್ಕು ತುಂಬುವಷ್ಟರಲ್ಲಿ ಗಂಡನನ್ನು ಕಳೆದುಕೊಂಡವರು. ಆ ಕಾಲದಲ್ಲಿ ಅಂಥ ಹುಡುಗಿಗೆ ಒಳಮನೆ ಬಿಟ್ಟು ಬೇರೆ ಲೋಕವೇ ಇರಲಿಲ್ಲ. ಅವರು ಮನೆಯಲ್ಲೇ ಓದಿ, ಬರೆದು, 1913ರ ಸುಮಾರಿಗೆ 'ಸತೀ ಹಿತೈಷಿಣೀ' ಗ್ರಂಥಮಾಲೆ ಶುರುಮಾಡಿದರು. 'ಸುಶೀಲೆ' ಅವರ ಮೊದಲ ಕಾದಂಬರಿ. ಅಷ್ಟಕ್ಕೇ ನಿಲ್ಲದೆ 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ನಡೆಸಿದರು. ಬರೆದವಳೂ ಹೆಂಗಸು, ಪ್ರಕಟಿಸಿದವಳೂ ಹೆಂಗಸು, ಅದೂ ರೇಡಿಯೋ ಕೂಡ ಇಲ್ಲದ ದಿನಗಳಲ್ಲಿ, ಹೆಣ್ಣುಮಕ್ಕಳಲ್ಲಿ ಓದು ಬಲ್ಲವರೇ ಕಡಿಮೆಯಿದ್ದ ಹೊತ್ತಿನಲ್ಲಿ! ಆಮೇಲೆ ಎಷ್ಟೋ ವರ್ಷ ಜನ ಅವರನ್ನು ಮರೆತೇಬಿಟ್ಟಿದ್ದರು. 1982ರಲ್ಲಿ ತೀರಿಕೊಂಡರು. ಈಗ ಅವರ ಹೆಸರಿನಲ್ಲಿ ಬರೆಯುವ ಹೆಂಗಸರಿಗೆ ಪ್ರಶಸ್ತಿ ಕೊಡುತ್ತಾರೆ. "ಅವರು ಇದೇ ಕಪಿಲೆಯ ನೀರು ಕುಡಿದವರು ದೊಡ್ಡಮ್ಮ" ಎಂದೆ. ನಂಜನಗೂಡಿನಲ್ಲಿ ಹರಿದ ಹೊಳೆಯೇ ನರಸೀಪುರದಲ್ಲಿ ಕಾವೇರಿ ಸೇರುವುದು. ಅವರು ನಕ್ಕು, "ನೀರಿನಿಂದ ಆಗೋದಾದರೆ ಊರಿಗೆಲ್ಲಾ ಆಗಬೇಕಿತ್ತಲ್ಲೇ" ಎಂದರು. ಆದರೂ ಒಪ್ಪಿದರು.

ಮೊದಲ ಶುಕ್ರವಾರ ಬಂದವರು ನಾಲ್ಕು ಜನ. ಎರಡನೆಯ ವಾರ ಒಂಬತ್ತು. ಪುಸ್ತಕ ತೆರೆದಿಟ್ಟುಕೊಂಡು ಹಸೆ ಹಾಡಿನ ಒಂದೊಂದೇ ಸಾಲು ದೊಡ್ಡಮ್ಮ ಹೇಳಿದರೆ ಅವರು ತಿರುಗಿ ಹೇಳುವುದು. ಬಂದವರು ಸುಮ್ಮನೆ ಬರಲಿಲ್ಲ. "ನಮ್ಮನೆಯಲ್ಲಿ ಈ ಸಾಲು ಬೇರೆ ಥರ ಇದೆ ಅಜ್ಜಿ" ಎಂದು ಒಬ್ಬಳು, "ನಮ್ಮತ್ತೆ ಇದಕ್ಕೆ ಇನ್ನೆರಡು ನುಡಿ ಹೇಳ್ತಾರೆ" ಎಂದು ಇನ್ನೊಬ್ಬಳು. ಪುಸ್ತಕದ ಅಂಚಿನಲ್ಲಿ ಅದನ್ನು ಬರೆದುಕೊಳ್ಳಲು ಜಾಗ ಸಾಲುತ್ತಿರಲಿಲ್ಲ. ನನ್ನ ಮಗಳು ಎಂಟು ಖಾಲಿ ಹಾಳೆ ಮಡಿಸಿ, ಹೊಲಿದು, ಮೇಲೆ 'ನಮ್ಮ ಮನೆಯ ಹಾಡುಗಳು' ಎಂದು ಬರೆದು ಪುಸ್ತಕದೊಳಗೆ ಇಟ್ಟು ಕೊಡಲು ಶುರುಮಾಡಿದಳು. ಖರ್ಚು ಎರಡು ರೂಪಾಯಿಯೂ ಇಲ್ಲ. 25 ರೂಪಾಯಿ ಡಬ್ಬಿಯನ್ನು ಕಂಡು ಯಾರೂ ಇಷ್ಟು ಹಿಗ್ಗಿರಲಿಲ್ಲ. ಧಾಟಿ ಕಲಿತವಳು ತನ್ನ ಓರಗಿತ್ತಿಗೆ ಹೇಳಿದಳು, ಓರಗಿತ್ತಿ ಪುಸ್ತಕ ಕೊಂಡಳು. ವೈಶಾಖದವರೆಗೆ ಹೀಗೆ ಹೋದದ್ದು 65. ಬಹಳವೇನಲ್ಲ. ಆದರೆ ಒಂದೂ ಮುಚ್ಚಳವಾಗಲಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಪ್ರತಿ ಶುಕ್ರವಾರ ಅವು ಕೈಯಲ್ಲೇ ಕಾಣುತ್ತಿದ್ದವು.

ನಡುವೆ ಫೆಬ್ರವರಿಯಲ್ಲಿ ನರಸೀಪುರದ ಕುಂಭಮೇಳ ಬಂತು. 1989ರಿಂದ ನಡೆದುಬಂದದ್ದು, 2025ರಲ್ಲಿ ಮೂರು ದಿನ ಊರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಷ್ಟು ಜನರಲ್ಲಿ ಅಟ್ಟವೇ ಖಾಲಿಯಾದೀತು ಎಂದು ಅಣ್ಣ ಮತ್ತೆ ಹುರುಪುಗೊಂಡ. ಮೂರು ದಿನಕ್ಕೆ ಹೋದದ್ದು ಒಂಬತ್ತು! ಮುಳುಗಿ ಎದ್ದು ಒದ್ದೆ ಬಟ್ಟೆಯ ಗಂಟು, ಮಕ್ಕಳು, ತೀರ್ಥದ ಬಾಟಲಿ ಹಿಡಿದವರು ಪುಸ್ತಕವನ್ನು ಎಲ್ಲಿ ಇಟ್ಟುಕೊಂಡಾರು? ಜನ ಸೇರಿದಲ್ಲೆಲ್ಲ ವ್ಯಾಪಾರ ಸೇರುವುದಿಲ್ಲ.

ಅಂಚೆಯ ಪಾಡಂತೂ ಕೇಳಬೇಡಿ. ಬೆಂಗಳೂರು, ಶಿವಮೊಗ್ಗದಿಂದ ಕೆಲವರು ಕಳಿಸಿ ಎಂದಿದ್ದರು. ಆದರೆ 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆಯವರು ಪುಸ್ತಕಗಳಿಗೆಂದೇ ಇದ್ದ ಅಗ್ಗದ ದರವನ್ನು ತೆಗೆದುಹಾಕಿದರು. 120 ರೂಪಾಯಿ ಪುಸ್ತಕಕ್ಕೆ ಅದರ ಅರ್ಧದಷ್ಟು ಅಂಚೆವೆಚ್ಚ ಎಂದರೆ ಕೇಳಿದವರೂ ಸುಮ್ಮನಾದರು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬುದು ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನಿಧಾನ, ಆದರೂ ಪರವಾಗಿಲ್ಲ. ಪುಸ್ತಕ ಮಾಡುವ ಯೋಚನೆಯಿರುವ ಸೋದರಿಯರು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಅದರಲ್ಲಿ ಹೋಗುವುದು ಪುಸ್ತಕ ಮಾತ್ರ, ಜೊತೆಗೆ ಡಬ್ಬಿ ಗಿಬ್ಬಿ ತುರುಕುವಂತಿಲ್ಲ. ಪುಸ್ತಕದಲ್ಲಿ ಅಚ್ಚು ಹಾಕಿದವರ ಅಥವಾ ಪ್ರಕಾಶಕರ ಹೆಸರು ಇರಬೇಕು.

ಆಮೇಲೆ ನಮ್ಮೂರ ದೊಡ್ಡಜಾತ್ರೆ. ಶ್ರೀಕಂಠೇಶ್ವರನ ಐದು ತೇರು ಎಳೆಯುವ ದಿನ ದೊಡ್ಡಮ್ಮ ನಮ್ಮ ಮನೆಯಲ್ಲೇ ಇದ್ದರು. ಗೌತಮ ರಥ ನೋಡಿ ದಣಿದು ಬಂದ ಹೆಂಗಸರು ನಮ್ಮ ಜಗಲಿಯಲ್ಲಿ ನೀರುಮಜ್ಜಿಗೆಗೆ ಕೂರುತ್ತಿದ್ದರು. ಕುಂಭಮೇಳದ ಹಾಗಲ್ಲ, ಇವರಿಗೆ ಕೂರಲು ಪುರಸೊತ್ತಿತ್ತು. ಯಾರಿಗೂ ಪುಸ್ತಕ ಕೊಳ್ಳಿ ಎನ್ನಲಿಲ್ಲ. ಮಡಿಲಲ್ಲಿ ಮಗುವಿದ್ದವಳಿಗೆ ದೊಡ್ಡಮ್ಮ ಒಂದು ತೊಟ್ಟಿಲ ಹಾಡು ಹೇಳಿದರು. ಕಾಯಿ ಹಿಡಿದಿದ್ದ ಒಬ್ಬ ಅಜ್ಜಿ ಕೂಡಲೇ ತನ್ನದೊಂದು ಶುರುಮಾಡಿದರು. ಎರಡು ದಿನದಲ್ಲಿ 38 ಹೋದವು.

ಇನ್ನೊಂದು ಗಿರಾಕಿ ಬಂದದ್ದು ನಾವು ನಿರೀಕ್ಷಿಸದ ಕಡೆಯಿಂದ. ಶುಕ್ರವಾರದ ಪಾಠಕ್ಕೆ ಬರುತ್ತಿದ್ದ ಒಬ್ಬರು ತಮ್ಮ ಮಗಳ ಮದುವೆಯಲ್ಲಿ ತಾಂಬೂಲದ ಚೀಲಕ್ಕೆ ಸ್ಟೀಲ್ ಬಟ್ಟಲ ಬದಲು ಪುಸ್ತಕ ಹಾಕುತ್ತೇವೆ, ಐವತ್ತು ಬೇಕು, ನೂರರಂತೆ ಕೊಡಿ ಎಂದರು. ಈಗ ಪುಸ್ತಕವೇ ತೆಂಗಿನಕಾಯಿಯ ಕೊಸರು! ದೊಡ್ಡಮ್ಮ ಎರಡು ದಿನ ಯೋಚಿಸಿದರು. ತಾಂಬೂಲದಲ್ಲಿ ಬಂದದ್ದನ್ನು ಯಾರು ಓದುತ್ತಾರೆ ಎಂದು ಅವರ ಸಂಕಟ. ಕೊನೆಗೆ ಒಂದು ಮಾತು ಕೇಳಿಕೊಂಡು ಕೊಟ್ಟರು. ಆ ಮದುವೆಯಲ್ಲಿ ಹಸೆಗೆ ಕರೆಯುವಾಗ ಫೋನಿನ ಹಾಡು ಹಾಕಬಾರದು, ಹೆಂಗಸರೇ ಹಾಡಬೇಕು. ಹಾಗೇ ನಡೆಯಿತು. ಶುಕ್ರವಾರದವರು ಏಳು ಜನ ಹೋಗಿ ಹಾಡಿದರು. ಗಂಡಿನ ಕಡೆಯವರ ಮೇಲೆ ಬೀಗರ ಹಾಡನ್ನೂ ಹೇಳಿ ನಗಿಸಿ ಬಂದರಂತೆ.

ಲೆಕ್ಕ ಹೇಳಿಬಿಡುತ್ತೇನೆ. ಎಲ್ಲ ಸೇರಿ ಮಾರಿದ್ದು 256 ಪುಸ್ತಕ, ಬಂದ ದುಡ್ಡು 29,720. ಡಬ್ಬಿಯ ಐದು ಸಾವಿರ ಕಳೆದರೆ 24,720. ಎರಡು ಬಳೆಗೆ ಸಾಲಲಿಲ್ಲ. ಲಗ್ನಕ್ಕೆ ನಾಲ್ಕು ದಿನ ಮುಂಚೆ ದೊಡ್ಡಮ್ಮ 16,200 ಕಟ್ಟಿ ಒಂದು ಬಳೆ ಬಿಡಿಸಿ ತಂದರು. ಅಣ್ಣ ಇನ್ನೊಂದಕ್ಕೂ ದುಡ್ಡು ಹಿಡಿದುಕೊಂಡೇ ಹೋಗಿದ್ದ, ಅವನ ಕೈ ಹಿಂದಕ್ಕೆ ಸರಿಸಿದರಂತೆ. ಮೊಮ್ಮಗಳು ಒಂದು ಚಿನ್ನದ ಬಳೆಯ ಎರಡೂ ಪಕ್ಕ ಹಸಿರು ಗಾಜಿನ ಬಳೆ ತೊಟ್ಟು ಹಸೆಮಣೆ ಏರಿದಳು. ಬೀಗರಲ್ಲಿ ಒಬ್ಬಾಕೆ ಇನ್ನೊಂದು ಎಲ್ಲಿ ಎಂದು ಕೇಳಿಯೂ ಕೇಳಿದರು. ಹುಡುಗಿಯೇ ಉತ್ತರ ಕೊಟ್ಟಳು, "ಅದು ಹಾಡ್ತಾ ಇದೆ, ಬರುತ್ತೆ" ಎಂದು.

ದೊಡ್ಡಮ್ಮನ ಕೈಯಲ್ಲಿ ಈಗ 8,520 ರೂಪಾಯಿ ಇದೆ, ಅಟ್ಟದ ಮೇಲೆ 204 ಪುಸ್ತಕ. 137 ಡಬ್ಬಿಗಳೂ ಹಾಗೇ ಇದ್ದವು. ಅವನ್ನು ಅಣ್ಣ ಒಂದು ಅಂಗಡಿಗೆ ಹದಿನೈದರಂತೆ ಕೊಡಲು ಮಾತಾಡಿಕೊಂಡು ಬಂದಿದ್ದಾನೆ. ಆ ದುಡ್ಡು ಪುಸ್ತಕದ ಲೆಕ್ಕಕ್ಕೆ ಸೇರಬೇಕೋ ಬೇಡವೋ ಎಂದು ತಾಯಿ ಮಗನಿಗೆ ಇನ್ನೂ ವಾದ ನಡೆಯುತ್ತಿದೆ. ಎರಡನೆಯ ಬಳೆಯ ಚೀಟಿ ದೊಡ್ಡಮ್ಮನ ಸ್ವಂತ ಪ್ರತಿಯಲ್ಲಿ, ಬೀಗರ ಹಾಡಿನ ಪುಟದ ನಡುವೆ ಇದೆ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಜಗಲಿಗೆ ಚಾಪೆ ಹಾಸುವುದು ನಿಂತಿಲ್ಲ.